ಅವನು ಹೀಗಂದ ಅಂತ

ರೇಡಿಯೋ ಸ್ಟೇಷನ್ನಿನ ಆ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಬಡಿದಿದ್ದರು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತೆಂದರೆ ಒಳಗೆ ಆಡಿದ ಮಾತೆಲ್ಲ ಊರಿಗೇ ಕೇಳುತ್ತಿತ್ತು. ಆ ದೀಪ ಹತ್ತುವ ಮೊದಲೇ ಬಾಸ್ ಗಿಟಾರ್ ನುಡಿಸುವ ಲಿಫ್ಟಣ್ಣನ ಬೆನ್ನು ಬೆವೆತು ಅಂಗಿ ಅಂಟಿಕೊಂಡಿತ್ತು.

ಅವನ ಎಡಕ್ಕೆ ಗಾಯಕ ಕೂತಿದ್ದ. ದೊಡ್ಡ ಗಂಟಲಿನ ಅವನನ್ನು ಎಲ್ಲರೂ ಗುಡುಗ ಎನ್ನುತ್ತಿದ್ದರು. ಬಲಕ್ಕೆ ಗಿಟಾರ್ ನುಡಿಸುವ ಮೇಷ್ಟರು. ಹಗಲು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರು. ಎದುರಿಗೆ ಡ್ರಮ್ಸ್ ಬಾರಿಸುವ ಬಸ್ಸಕ್ಕ. ಸಿಟಿ ಬಸ್ಸಿನ ಡ್ರೈವರ್ ಆದ ಅವಳು ಬೆಳಗಿನ ಪಾಳಿ ಮುಗಿಸಿ ಖಾಕಿಯಲ್ಲೇ ಬಂದಿದ್ದಳು. ಇಪ್ಪತ್ತೆರಡು ವರ್ಷದ ರಾಕ್ ಬ್ಯಾಂಡು ಅದು. 'ಮೂರನೇ ಮಹಡಿ' ಅಂತ ಹೆಸರು, ಅವರು ಅಭ್ಯಾಸ ಮಾಡುತ್ತಿದ್ದ ಹಳೇ ಗೋದಾಮಿನ ಮೂರನೇ ಮಹಡಿಯಿಂದ ಬಂದದ್ದು. ಇನ್ನು ಒಂಬತ್ತು ದಿನಕ್ಕೆ ಊರಿನ ಅತಿ ದೊಡ್ಡ ಸಭಾಂಗಣದಲ್ಲಿ ಅವರ ಕಾರ್ಯಕ್ರಮ. ಅಲ್ಲಿ ಹೊಸ ಹಾಡೊಂದನ್ನು ಹಾಡುತ್ತೇವೆಂದು ಸಾರಿಯಾಗಿತ್ತು. ಅದರ ಪ್ರಚಾರಕ್ಕೇ ಈ ಮಾತುಕತೆ.

ಗುಡುಗನನ್ನೂ ಮೇಷ್ಟರನ್ನೂ ಮೈಕಿನೆದುರು ಒಟ್ಟಿಗೆ ಕೂರಿಸಬಾರದೆಂದು ಲಿಫ್ಟಣ್ಣ ಹದಿನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಮೇಷ್ಟರು ಬಂದರೆ ಗುಡುಗನಿಗೆ ಜ್ವರ, ಗುಡುಗ ಬಂದರೆ ಮೇಷ್ಟರಿಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸ ಎಂದು ನೆಪ ಹೇಳುತ್ತಿದ್ದ. ಈ ಸಲ ಸಭಾಂಗಣದವರು ಪಟ್ಟು ಹಿಡಿದರು: ನಾಲ್ವರೂ ಬರಬೇಕು. ಅವನ ಆಟ ನಡೆಯಲಿಲ್ಲ.

ಅವನ ಹೆದರಿಕೆಗೆ ಕಾರಣ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲಿಫ್ಟಣ್ಣ ಹುಟ್ಟಿದ ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತಿರಲಿಲ್ಲ. ಒಂದೇ ಸೂರು, ಒಂದೇ ಅಡುಗೆಮನೆ, ಮಾತು ಮಾತ್ರ ಇಲ್ಲ. "ಅವನಿಗೆ ಹೇಳು, ನಲ್ಲಿ ಸರಿಯಾಗಿ ನಿಲ್ಲಿಸೋಕೆ ಬರಲ್ವಾ ಅಂತ" ಎಂದು ಅಪ್ಪ ಗದರಿದರೆ, ಈತ ಚಿಕ್ಕಪ್ಪನ ಬಳಿ ಹೋಗಿ "ನಲ್ಲಿ ಸೋರ್ತಾ ಇದೆಯಂತೆ, ನೋಡ್ತೀರಾ" ಎನ್ನುತ್ತಿದ್ದ. ಬಂದ ಮಾತಿನ ಮುಳ್ಳು ಕಿತ್ತು ದಾಟಿಸುವುದು ಅವನಿಗೆ ಅ ಆ ಇ ಈ ಜೊತೆಗೇ ಬಂದ ವಿದ್ಯೆ. ಹತ್ತೊಂಬತ್ತಕ್ಕೆ ಲಿಫ್ಟು ರಿಪೇರಿಯ ಕಂಪನಿ ಸೇರಿದ. ಅದೇ ವರ್ಷ ನಾಲ್ಕು ತಂತಿಯ ಅಗ್ಗದ ಬಾಸ್ ಗಿಟಾರ್ ಒಂದನ್ನು ಕೊಂಡು ಬೆರಳು ಸವೆಸಿದ. ಗೋದಾಮಿನ ಲಿಫ್ಟು ಸರಿಮಾಡಲು ಹೋದವನು, ಮೂರನೇ ಮಹಡಿಯಲ್ಲಿ ಮೂವರು ಗಲಾಟೆ ಮಾಡುತ್ತಿದ್ದುದನ್ನು ಕೇಳಿ ಅಲ್ಲೇ ನಿಂತ. ನಿಂತವನು ಮತ್ತೆ ಇಳಿಯಲಿಲ್ಲ.

ಗುಡುಗ ಪದ ಕಟ್ಟುತ್ತಿದ್ದ. ಬಸ್ ಸ್ಟಾಪು, ಆಸ್ಪತ್ರೆಯ ಸರತಿ, ಬಾಡಿಗೆ ಮನೆಯ ಮೆಟ್ಟಿಲು, ಎಲ್ಲೆಲ್ಲಿ ಜನ ಕಾಯುತ್ತಾರೋ ಅಲ್ಲೆಲ್ಲ ಅವನಿಗೆ ಹಾಡು ಸಿಗುತ್ತಿತ್ತು. ಆದರೆ ನಿಲ್ಲಿಸುವುದು ಗೊತ್ತಿರಲಿಲ್ಲ, ಆರು ಚರಣ ಬರೆದು ಏಳನೆಯದಕ್ಕೆ ಪೆನ್ನು ಹುಡುಕುವ ಜಾತಿ. ಮೇಷ್ಟರು ರಾಗ ಕಟ್ಟುತ್ತಿದ್ದರು. ಕಿವಿಗೆ ಒಮ್ಮೆ ಬಿದ್ದರೆ ವಾರವಿಡೀ ಬಿಡದ ರಾಗಗಳು. ಆದರೆ ಅವರಿಗೆ ಗಿಟಾರಿನ ಮೇಲೆ ಮೋಹ ಜಾಸ್ತಿ, ಖಾಲಿ ಜಾಗ ಕಂಡರೆ ತುಂಬಿಸದೆ ಬಿಡರು. ಬಸ್ಸಕ್ಕ ಒಂದು ಸಾಲನ್ನೂ ಬರೆದವಳಲ್ಲ. ಬೇಜಾರಾದರೆ ಬಾರಿಸುವುದನ್ನೇ ನಿಲ್ಲಿಸಿ ನೀರು ಕುಡಿಯುತ್ತಿದ್ದಳು. ಅವಳು ನೀರು ಕುಡಿದ ಜಾಗದಲ್ಲಿ ಹಾಡು ಕತ್ತರಿಸಬೇಕೆಂದು ಉಳಿದವರು ಬೇಗ ಕಲಿತರು. ಲಿಫ್ಟಣ್ಣನ ಪಾಲೇನು ಎಂದು ಯಾರೂ ಕೇಳಲಿಲ್ಲ. ನಾಲ್ಕು ತಂತಿ, ಹಿಂದಿನ ಸಾಲು, ಮುಖದಲ್ಲಿ ನಗು.

ಮೇಷ್ಟರು ಗುಡುಗನ ಅಕ್ಕನನ್ನು ಮದುವೆಯಾಗಿದ್ದರು. ಹದಿನಾಲ್ಕು ವರ್ಷದ ಹಿಂದೆ ಆ ಮದುವೆ ಮುರಿಯಿತು. ಯಾರದು ತಪ್ಪು ಎಂಬುದು ಗಂಡಹೆಂಡಿರಿಗೆ ಬಿಟ್ಟದ್ದು. ಗುಡುಗ ಮಾತ್ರ ಅಂದಿನಿಂದ "ಭಾವ" ಎನ್ನುವುದನ್ನು ಬಿಟ್ಟ, ಮಾತನ್ನೇ ಬಿಟ್ಟ. ಬ್ಯಾಂಡು ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಮಂಗಳವಾರ ಮೇಷ್ಟರು ಬಂದು ರಾಗ ನುಡಿಸಿ ಹೋಗುವರು, ಶುಕ್ರವಾರ ಗುಡುಗ ಬಂದು ಹಾಡಿ ಹೋಗುವನು. ಎರಡೂ ದಿನ ಲಿಫ್ಟಣ್ಣ, ಬಸ್ಸಕ್ಕ ಹಾಜರು. ಇಬ್ಬರೂ ಒಟ್ಟಿಗೆ ನಿಲ್ಲುವುದು ವೇದಿಕೆಯ ಮೇಲೆ ಮಾತ್ರ, ಅದೂ ಒಬ್ಬರ ಮುಖ ಒಬ್ಬರು ನೋಡದೆ. ರೆಕಾರ್ಡು ಮಾಡಿದ್ದನ್ನು ಅಲ್ಲಿಂದಿಲ್ಲಿಗೆ ಒಯ್ಯುವ ಕೆಲಸ ಲಿಫ್ಟಣ್ಣನದಾಯಿತು.

ಆಗ ಹುಟ್ಟಿದ್ದು 'ಹಿಂದಿನ ಸೀಟು' ಎಂಬ ಹಾಡು. ಅದರ ನಡುವೆ ಎಲ್ಲರೂ ಒಮ್ಮೆಲೇ ನಿಂತು, ಡ್ರಮ್ಮಿನ ನಾಲ್ಕು ಏಟಿನಷ್ಟು ಹೊತ್ತು ಏನೂ ನುಡಿಸದೆ, ಮತ್ತೆ ಒಟ್ಟಿಗೆ ಶುರುಮಾಡಿದರೆ ಚೆನ್ನ ಎಂದು ಲಿಫ್ಟಣ್ಣನಿಗೆ ಅನ್ನಿಸಿತು. ಗುಡುಗನಿಗೆ ಹೇಳಿದ. "ನೀನು ನಿನ್ನ ನಾಲ್ಕು ತಂತಿ ನೋಡ್ಕೋ ಮಾರಾಯ" ಎಂದ ಗುಡುಗ. ಮೇಷ್ಟರಿಗೆ ಹೇಳಿದ. ಅವರು ಕನ್ನಡಕ ಒರೆಸಿಕೊಂಡು ಬೇರೆ ಮಾತು ತೆಗೆದರು. ಮುಂದಿನ ಶುಕ್ರವಾರ ಅವನ ಬಾಯಿಂದ ತಾನಾಗಿಯೇ ಹೊರಬಿತ್ತು: "ಮೇಷ್ಟ್ರು ಹೇಳಿ ಕಳಿಸಿದಾರೆ. ಮೂರನೇ ಚರಣ ತೆಗೆದು ಅಲ್ಲಿ ಸುಮ್ಮನಿದ್ರೆ ಹಾಡು ಎದ್ದು ನಿಲ್ಲುತ್ತಂತೆ." ಗುಡುಗ ಕೆರಳಿದ, ಒದ್ದಾಡಿದ, ಕೊನೆಗೆ ಆ ಚರಣವನ್ನು ತಾನೇ ಹೊಡೆದು ಹಾಕಿದ. ಮಂಗಳವಾರ ಮೇಷ್ಟರಿಗೆ: "ಗುಡುಗ ಚರಣ ಬಿಟ್ಟಿದಾನೆ. ನಿಮ್ಮ ಸೋಲೋನೂ ಅಲ್ಲಿ ಬೇಡ ಅಂತಾನೆ." ಮೇಷ್ಟರ ಮುಖ ಕಪ್ಪಿಟ್ಟಿತು. ಅವರೊಬ್ಬರೇ ಗಿಟಾರ್ ನುಡಿಸುವ ಆ ಸೋಲೋ ಹೋಯಿತು.

ಸ್ನೇಹಿತನ ಸಲಹೆಯನ್ನು ಇಬ್ಬರೂ ತಳ್ಳಿಹಾಕಬಲ್ಲವರಾಗಿದ್ದರು. ವೈರಿಯ ಸಲಹೆಯನ್ನು ಮಾತ್ರ ತಳ್ಳಲು ಧೈರ್ಯವಿರಲಿಲ್ಲ, ಅವನು ಹೇಳಿದ್ದು ನಿಜವಾಗಿಬಿಟ್ಟರೆ ಎಂಬ ಅಂಜಿಕೆ. ಹಾಡು ಊರೂರು ಸುತ್ತಿತು. ಆ ಮೌನ ಬಂದಾಗ ಜನ ಹುಚ್ಚೆದ್ದು ಕಿರುಚುತ್ತಿದ್ದರು. ಬ್ಯಾಂಡಿಗೆ ಹೆಸರು ಬಂದದ್ದು ಅಲ್ಲಿಂದ, ಅಂದರೆ ಇಬ್ಬರೂ ಮಾತು ಬಿಟ್ಟ ಮೇಲೆ. ಆಮೇಲಿನ ಹದಿಮೂರು ವರ್ಷ, ಮೂವತ್ತಕ್ಕೂ ಹೆಚ್ಚು ಹಾಡು, ಎಲ್ಲದಕ್ಕೂ ಅದೇ ದಾರಿ. ಹೊಂದಾಣಿಕೆ ಕೆಡದಿರಲೆಂದು ನಡುನಡುವೆ ಹೊಗಳಿಕೆಯನ್ನೂ ಸೇರಿಸಿದ: ಮೇಷ್ಟರು ನಿನ್ನ ಪದ ಕೇಳಿ ಸುಮ್ಮನೆ ಕೂತರಂತೆ, ಗುಡುಗ ನಿಮ್ಮ ರಾಗವನ್ನು ಎರಡು ಸಲ ಹಾಕಿಸಿ ಕೇಳಿದನಂತೆ.

ಹೆಂಡತಿಗೆ ಎಲ್ಲ ಗೊತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹೆಂಗಸು ಅವಳು, ಅಳತೆಯ ಮಾತಿನವಳು. "ಒಂದು ಸುಳ್ಳು ಮುಚ್ಚೋಕೆ ಒಂಬತ್ತು ಸುಳ್ಳು ಬೇಕು. ನಿಂದು ಎಷ್ಟನೇದು ಈಗ?" ಎಂದು ಆಗಾಗ ಕೇಳುತ್ತಿದ್ದಳು.

ಕೆಂಪು ದೀಪ ಹತ್ತಿತು. ನಿರೂಪಕಿ ನಯವಾದ ದನಿಯಲ್ಲಿ ಶುರುಮಾಡಿದಳು. ಹತ್ತು ನಿಮಿಷ ಎಲ್ಲ ಸುಸೂತ್ರವಾಗಿ ನಡೆಯಿತು. ಗುಡುಗನೂ ಮೇಷ್ಟರೂ ಬೇರೆ ಬೇರೆ ಗೋಡೆ ನೋಡಿಕೊಂಡು ಉತ್ತರ ಹೇಳಿದರು. ಆಮೇಲೆ ಅವಳು ಕೇಳಿದಳು:

"'ಹಿಂದಿನ ಸೀಟು' ಹಾಡಿನ ಆ ಮೌನ ಯಾರಿಗೆ ಹೊಳೆದದ್ದು?"

ಲಿಫ್ಟಣ್ಣ ಬಾಯಿ ತೆರೆದ. ಅಷ್ಟರಲ್ಲಿ ಗುಡುಗ ಮೈಕಿಗೆ ಬಾಗಿದ್ದ. ಅವತ್ತು ಅವನಿಗೆ ಏನನ್ನಿಸಿತೋ, ದೊಡ್ಡತನ ತೋರುವ ಮನಸ್ಸಾಗಿತ್ತು.

"ನಿಜ ಹೇಳ್ಬೇಕು ಅಂದ್ರೆ ಅದು ಮೇಷ್ಟ್ರದ್ದು. ನನ್ನ ಚರಣ ಹೊಡೆದು ಹಾಕು ಅಂತ ಹೇಳಿ ಕಳಿಸಿದ್ರು. ಆವತ್ತು ಬೈಕೊಂಡೆ. ಆದ್ರೆ ಅವರು ಹೇಳಿದ್ದೇ ಸರಿ."

ಮೇಷ್ಟರು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿದರು.

"ನಾನಾ? ನಾನು ಹೇಳಿ ಕಳಿಸಿಲ್ಲ. ನೀನು ತಾನೆ ನನ್ನ ಸೋಲೋ ಬೇಡ ಅಂದಿದ್ದು?"

"ನಾನು ಯಾವಾಗ ಅಂದೆ?"

"ಮತ್ತೆ ಇವನು..." ಮೇಷ್ಟರ ಮಾತು ಅಲ್ಲಿಗೇ ನಿಂತಿತು. ಇಬ್ಬರ ಕುತ್ತಿಗೆಯೂ ನಿಧಾನಕ್ಕೆ ನಡುವಿನ ಕುರ್ಚಿಯ ಕಡೆ ತಿರುಗಿತು. ಬಸ್ಸಕ್ಕ ಮೇಜಿನ ಮೇಲಿನ ನೀರಿನ ಬಾಟಲಿ ತೆಗೆದು ಕುಡಿದಳು.

"ಹಾಡು ಚೆನ್ನಾಗಿ ಬಂತಲ್ಲ..." ಎಂದ ಲಿಫ್ಟಣ್ಣ. ಊರಿಗೆಲ್ಲ ಅದು ಕೇಳಿಸಿತು.

ಹೊರಗಿನ ಓಣಿಯಲ್ಲಿ ಗುಡುಗ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಗುಡುಗ ಪಿಸುಮಾತಿನಲ್ಲಿ ಮಾತಾಡಿದ್ದನ್ನು ಲಿಫ್ಟಣ್ಣ ಕೇಳಿದ್ದು ಅದೇ ಮೊದಲು.

"ಎಷ್ಟು ಹಾಡಲ್ಲಿ?"

"ಎಲ್ಲಾದ್ರಲ್ಲೂ ಸ್ವಲ್ಪ ಸ್ವಲ್ಪ."

"ನಾನು ಅವನನ್ನ ಗೆದ್ದೆ, ಅವನಿಗೆ ಸೋತೆ ಅಂತ ಹದಿಮೂರು ವರ್ಷ ನಿದ್ದೆಗೆಟ್ಟಿದೀನಿ. ಅದೆಲ್ಲ ನಿನ್ನ ಜೊತೆನಾ? ನಾಳೆಯಿಂದ ನೀನು ಬರ್ಬೇಡ."

ಮೇಷ್ಟರು ಇಬ್ಬರನ್ನೂ ದಾಟಿ ಮೆಟ್ಟಿಲಿಳಿದು ಹೋದರು.

ಮನೆಯಲ್ಲಿ ಹೆಂಡತಿ ರೇಡಿಯೋ ಕೇಳಿಯೇ ಇದ್ದಳು. ತಟ್ಟೆ ಮುಂದಿಟ್ಟು ಎದುರಿಗೆ ಕೂತಳು. "ಅತ್ತ ದರಿ ಇತ್ತ ಪುಲಿ ಆಯ್ತಾ? ಉಣ್ಣು ಮೊದ್ಲು. ಆಮೇಲೆ ಒಂದು ಕೆಲ್ಸ ಮಾಡು. ಯಾರ ಹತ್ರನಾದ್ರೂ ಮಾತಾಡೋದಾದ್ರೆ 'ನಾನು' ಅಂತ ಶುರು ಮಾಡು."

ಮರುದಿನ ಆರು ಮಹಡಿಯ ಹಳೇ ಕಚೇರಿ ಕಟ್ಟಡದಲ್ಲಿ ಲಿಫ್ಟಿನ ಬ್ರೇಕು ಬದಲಾಯಿಸುವ ಕೆಲಸವಿತ್ತು. ತಾರಸಿಯ ಮೇಲಿನ ಮೋಟಾರು ಕೋಣೆಗೆ ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಗ್ರೀಸು, ಕಾದ ತಗಡು, ಪಾರಿವಾಳದ ಹಿಕ್ಕೆಯ ವಾಸನೆ. ಅವನು ಲಿಫ್ಟಿನ ಪೆಟ್ಟಿಗೆಯನ್ನು ಮೇಲಿನ ಮಹಡಿಗೆ ತಂದು ಸರಪಳಿಯಲ್ಲಿ ಬಿಗಿದ. ಉಕ್ಕಿನ ಹಗ್ಗದ ಇನ್ನೊಂದು ತುದಿಯ ತೂಕವನ್ನು ಕೆಳಗಿನ ಗುಂಡಿಯಲ್ಲಿ ಆಸರೆಯ ಮೇಲೆ ಕೂರಿಸಿದ. ಮೇನ್ ಸ್ವಿಚ್ಚು ಆರಿಸಿ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬ್ರೇಕಿನ ಸ್ಪ್ರಿಂಗು ಸಡಿಲಿಸುತ್ತಿದ್ದಾಗ ಏಣಿಯ ಮೇಲೆ ಬೂಟಿನ ಸದ್ದಾಯಿತು. ಮೇಷ್ಟರ ತಲೆ ಕಾಣಿಸಿತು. ಏದುಸಿರು ಬಿಡುತ್ತಿದ್ದರು.

"ಮೇಷ್ಟ್ರೇ, ಬ್ರೇಕ್ ಬಿಚ್ಚಿದೀನಿ. ಮುಗಿಯೋವರ್ಗೂ ಮಾತಾಡೋ ಹಾಗಿಲ್ಲ."

ಮೇಷ್ಟರು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಅರ್ಧ ಗಂಟೆ ಆ ಕೋಣೆಯಲ್ಲಿ ಸ್ಪ್ಯಾನರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಲಿಫ್ಟಣ್ಣ ಸವೆದ ಪಟ್ಟಿಗಳನ್ನು ಬಿಚ್ಚಿದ, ಹೊಸವನ್ನು ಕೂರಿಸಿದ, ನಡುವಿನ ಸಂದನ್ನು ಅಳೆದ, ಮತ್ತೆ ಅಳೆದ. ಬೆನ್ನ ಹಿಂದೆ ಕೂತ ಮನುಷ್ಯನ ಉಸಿರು ಅವನಿಗೆ ಕೇಳುತ್ತಿತ್ತು. ಕೊನೆಯ ನಟ್ಟು ಬಿಗಿದು, ಕೈ ಒರೆಸಿಕೊಂಡು ತಿರುಗಿದ.

"ಚರಣ, ಸೋಲೋ, ಅದೆಲ್ಲ ಇರ್ಲಿ," ಎಂದರು ಮೇಷ್ಟರು. "ಅವನು ನನ್ನ ರಾಗ ಎರಡು ಸಲ ಕೇಳ್ದ ಅಂತ ಹೇಳ್ತಿದ್ದೆ. ಈ ರಾಗ ಬೇರೆ ಯಾರಿಗೂ ಬರಲ್ಲ ಅಂದ ಅಂತ ಹೇಳ್ತಿದ್ದೆ. ಅದು?"

ಲಿಫ್ಟಣ್ಣ ಸ್ಪ್ಯಾನರನ್ನು ಚೀಲಕ್ಕೆ ಹಾಕಿದ.

"ಅದೂ ಸುಳ್ಳಾ?"

"ಹೂಂ."

ಮೇಷ್ಟರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದರು. "ಹೆಂಡತಿ ಹೋದ್ಲು. ಮನೆ ಹೋಯ್ತು. ಇವನು ಮಾತು ಬಿಟ್ರೂ ನನ್ನ ರಾಗಕ್ಕೆ ಬೆಲೆ ಕೊಡ್ತಾನಲ್ಲ ಅಂತ ಇದ್ದೆ ಕಣೋ. ಅದನ್ನ ಹಿಡ್ಕೊಂಡು ಇದ್ದೆ."

ಆ ಕ್ಷಣದಲ್ಲಿ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಮೇಷ್ಟರು ನಂಬುತ್ತಿದ್ದರು, ನಂಬಲು ಕಾದಿದ್ದರು. ಲಿಫ್ಟಣ್ಣ ಅದನ್ನು ನುಂಗಿದ.

"ನಾನು ಒಂದು ಮಾತು ಹೇಳ್ದೆ ಬಿಟ್ಟಿದೀನಿ," ಎಂದ. "ಮೂರು ವರ್ಷದ ಹಿಂದೆ, ನಿಮ್ಮ ತಾಯಿ ತೀರ್ಕೊಂಡ ಮೇಲೆ ಒಂದು ರಾಗ ಕೊಟ್ರಲ್ಲ, ಪದ ಇಲ್ದಿರೋದು. ಗುಡುಗಂಗೆ ಕೇಳಿಸ್ದೆ. ಪೂರ್ತಿ ಕೇಳಕ್ಕಾಗ್ಲಿಲ್ಲ ಅವನಿಗೆ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ್ಕೊಂಡು ಅತ್ತ. ಇದಕ್ಕೆ ನನ್ನ ಪದ ಹಾಕಲ್ಲ, ಹಾಕಿದ್ರೆ ಕೆಡುತ್ತೆ ಅಂದ. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ. ನಾನು ಹೇಳ್ಲಿಲ್ಲ. ಹದಿಮೂರು ವರ್ಷದಲ್ಲಿ ಇದ್ದದ್ದನ್ನ ಇದ್ದ ಹಾಗೆ ಇಟ್ಕೊಂಡಿದ್ದು ಅದೊಂದೇ."

"ಇದನ್ನ ಹೇಗೆ ನಂಬ್ಲಿ?"

"ನಂಬಬೇಡಿ. ಹೋಗಿ ಅವನನ್ನೇ ಕೇಳಿ."

ಮೇಷ್ಟರು ಏಣಿ ಇಳಿದು ಹೋದರು. ಕೇಳಿದರೋ ಇಲ್ಲವೋ, ಏನು ಕೇಳಿದರು, ಗುಡುಗ ಏನೆಂದ, ಅದು ಲಿಫ್ಟಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಆ ಮಾತು ಅವನ ಮೂಲಕ ಹೋಗಲಿಲ್ಲ.

ಮೂರು ದಿನ ಯಾರಿಂದಲೂ ಸುದ್ದಿಯಿಲ್ಲ. ಕಾರ್ಯಕ್ರಮಕ್ಕೆ ಐದೇ ದಿನ ಉಳಿದಿತ್ತು. ಬೀದಿಯಲ್ಲಿ ಪೋಸ್ಟರು, ಪೋಸ್ಟರಿನಲ್ಲಿ ನಾಲ್ಕು ಮುಖ. ಲಿಫ್ಟಣ್ಣ ಅದನ್ನು ತಪ್ಪಿಸಿಕೊಂಡು ಎದುರು ಬದಿಯಲ್ಲಿ ನಡೆಯುತ್ತಿದ್ದ. ಸಂಜೆ ಮನೆಯ ಮುಂದೆ ಖಾಲಿ ಸಿಟಿ ಬಸ್ಸೊಂದು ಬಂದು ನಿಂತಿತು. ಡಿಪೋಗೆ ಹೋಗುವ ದಾರಿ ಬಿಟ್ಟು ಬಸ್ಸಕ್ಕ ಒಳರಸ್ತೆಗೆ ನುಗ್ಗಿಸಿದ್ದಳು.

"ಹತ್ತು," ಎಂದಳು ಸ್ಟೀರಿಂಗಿನ ಹಿಂದಿನಿಂದಲೇ. "ಹೊಸ ಹುಡುಗ ಒಬ್ಬನ್ನ ಕರ್ಕೊಂಡು ಬಂದು ನಿನ್ನ ಜಾಗದಲ್ಲಿ ನಿಲ್ಸಿದ್ರು. ಕೈ ಚೆನ್ನಾಗಿದೆ. ಹಾಡು ಮಾತ್ರ ಒಂದಿಂಚು ಮುಂದೆ ಹೋಗಿಲ್ಲ. ಇಬ್ರೂ ಎದುರುಬದುರು ಕೂತು ಕಿತ್ತಾಡ್ತಾರೆ. ನಾನು ಮೂರು ಬಾಟ್ಲಿ ನೀರು ಕುಡ್ದೆ, ಆ ಹುಡುಗನ್ನ ಮನೆಗೆ ಕಳ್ಸಿದೆ."

"ಅಕ್ಕಾ, ನಿಂಗೆ ಗೊತ್ತಿತ್ತಾ?"

"ಎರಡು ದಿನಾನೂ ನಾನು ಅಲ್ಲೇ ಇರ್ತಿದ್ನಲ್ಲೋ. ನಂಗೇನು ಕಿವುಡಾ? ನೀನು ಹಾಡು ಸರಿ ಮಾಡ್ತಿದ್ದೆ, ನಾನು ಸುಮ್ನಿದ್ದೆ. ಅದು ನನ್ನ ತಪ್ಪು. ಬಾ."

ಮೂರನೇ ಮಹಡಿಯ ಕೋಣೆಯಲ್ಲಿ ಟ್ಯೂಬ್‌ಲೈಟು ಮಿಣುಕುತ್ತಿತ್ತು. ಗುಡುಗ ಆಂಪ್ಲಿಫೈಯರಿಗೆ ಒರಗಿ ನಿಂತಿದ್ದ. ಮೇಷ್ಟರು ಕುರ್ಚಿಯಲ್ಲಿ ಕೂತು ತಂತಿ ಶ್ರುತಿ ಮಾಡುತ್ತಿದ್ದರು. ಹದಿನಾಲ್ಕು ವರ್ಷದ ಮೇಲೆ ನಾಲ್ವರೂ ಒಂದೇ ದಿನ ಆ ಕೋಣೆಯಲ್ಲಿ ಸೇರಿದ್ದರು. ಯಾರೂ "ಬಾ" ಎನ್ನಲಿಲ್ಲ, "ಹೋಗು" ಎಂದೂ ಹೇಳಲಿಲ್ಲ. ಲಿಫ್ಟಣ್ಣ ತನ್ನ ಮೂಲೆಗೆ ಹೋಗಿ ಗಿಟಾರ್ ಹೆಗಲಿಗೇರಿಸಿದ.

ಹೊಸ ಹಾಡಿನ ಹೆಸರು 'ಬಾಡಿಗೆಗಿದೆ'. ಖಾಲಿ ಮನೆಗೆ ಹೊಸಬರು ಬಂದು, ಗೋಡೆಯ ಮೇಲೆ ಹಳಬರ ಫೋಟೋ ತೂಗಿದ್ದ ಗುರುತು ನೋಡುವ ಹಾಡು. ಒಮ್ಮೆ ನುಡಿಸಿದರು. ಸತ್ತ ಹಾಡು. ಇನ್ನೊಮ್ಮೆ ನುಡಿಸಿದರು. ಆಮೇಲೆ ಗುಡುಗ ಕೈಕಟ್ಟಿಕೊಂಡು ಲಿಫ್ಟಣ್ಣನತ್ತ ತಿರುಗಿದ.

"ಹೇಳು. ಈಗ ಯಾರು ಏನಂದ್ರು ಅಂತ ಹೇಳ್ತೀಯ?"

ಮೂವರೂ ನೋಡುತ್ತಿದ್ದರು. ಬೇರೆಯವರ ಹೆಸರಿನಲ್ಲಿ ಸಾವಿರ ಸಲ ಹೇಳಿದ ಲಿಫ್ಟಣ್ಣನ ಬಾಯಿ ತನ್ನ ಹೆಸರಿಗೆ ಬಂದಾಗ ಕಟ್ಟಿಹೋಯಿತು.

"ನಾನು..." ಎಂದ. ನಿಂತ. ಮತ್ತೆ ಶುರುಮಾಡಿದ. "ನಂಗನ್ಸುತ್ತೆ, ಮೊದ್ಲು ಗಿಟಾರ್ ಬೇಡ. ಏನೂ ಬೇಡ. ಗುಡುಗನ ದನಿ ಒಂದೇ. ಖಾಲಿ ಮನೆ ಅಲ್ವಾ?"

ಗುಡುಗ ಹುಬ್ಬು ಗಂಟಿಕ್ಕಿದ. ಮೇಷ್ಟರು ಅಡ್ಡಡ್ಡ ತಲೆಯಾಡಿಸಿದರು.

"ಆಗಲ್ಲ," ಎಂದರು ಮೇಷ್ಟರು. "ಮೊದಲ ಸಾಲು ತೀರ ಕೆಳಗಿದೆ. ದನಿ ಒಂದೇ ಇದ್ರೆ ಹಿಂದಿನ ಸಾಲಿನವರಿಗೆ ಕೇಳಲ್ಲ."

"ಕೇಳಲ್ಲ," ಎಂದ ಗುಡುಗ. "ಅಲ್ದೆ ನಂಗೆ ಶ್ರುತಿ ಯಾರು ಕೊಡ್ತಾರೆ? ಅಲ್ಲ ಭಾವ, ನೀವು ಆ ಕೆಳಗಿನ ತಂತಿ ಒಂದನ್ನೇ ಮೀಟ್ತಾ ಇರಿ, ನಾನು ಅದರ ಮೇಲೆ..."

ಅವನೇ ನಿಲ್ಲಿಸಿಬಿಟ್ಟ. ಭಾವ ಎಂಬ ಪದ ಕೋಣೆಯಲ್ಲಿ ಉಳಿಯಿತು. ಮೇಷ್ಟರ ಕೈ ತಂತಿಯ ಮೇಲೆ ಅಲುಗದೆ ನಿಂತಿತ್ತು. ಯಾರಾದರೂ ಒಂದು ಮಾತಾಡಿದ್ದರೂ ಎಲ್ಲ ಮುರಿದು ಬೀಳುವ ಹೊತ್ತು ಅದು. ಬಸ್ಸಕ್ಕ ಕೋಲುಗಳನ್ನು ಒಂದಕ್ಕೊಂದು ಬಡಿದು "ಒಂದು, ಎರಡು" ಎಂದು ಎಣಿಸಿಬಿಟ್ಟಳು. ಮೇಷ್ಟರು ಕೆಳಗಿನ ತಂತಿ ಮೀಟಿದರು.

ಹದಿನಾಲ್ಕು ವರ್ಷದ ನಂತರ ಭಾವಮೈದುನರು ಒಪ್ಪಿದ ಮೊದಲ ಸಂಗತಿಯೆಂದರೆ ಲಿಫ್ಟಣ್ಣ ಹೇಳಿದ್ದು ತಪ್ಪು ಎಂಬುದು. ಅವನು ಸುಮ್ಮನಾಗಲಿಲ್ಲ. ವಾದಿಸಿದ, ದನಿ ಎತ್ತಿದ, ಒಮ್ಮೆ ಕಾಲನ್ನೂ ನೆಲಕ್ಕಪ್ಪಳಿಸಿದ. ಕೊನೆಗೆ ಸೋತ. ಹಾಡು ಗಿಟಾರಿನಿಂದಲೇ ಶುರುವಾಯಿತು.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ಉಸಿರಾಡಲು ಜಾಗವಿರಲಿಲ್ಲ. ರೇಡಿಯೋದ ಮಾತು ಊರಿನ ಬಾಯಿಗೆಲ್ಲ ಬಿದ್ದಿತ್ತು. ಇವತ್ತು ವೇದಿಕೆಯ ಮೇಲೇ ಹೊಡೆದಾಡುತ್ತಾರೆಂದು ನೋಡಲು ಬಂದವರೂ ಇದ್ದರು. 'ಹಿಂದಿನ ಸೀಟು' ಶುರುವಾಯಿತು. ಆ ಜಾಗ ಬಂತು. ನಾಲ್ವರೂ ನಿಂತರು. ಎಂದಿನಂತೆ ಕಿರುಚಾಟ ಏಳಬೇಕಿತ್ತು. ಅದರ ಬದಲು ಕತ್ತಲಿನ ಎಲ್ಲೋ ಒಂದು ಮೂಲೆಯಿಂದ "ಲಿಫ್ಟಣ್ಣಾ!" ಎಂಬ ಕೂಗು ಬಂತು. ಆಮೇಲೆ ಹತ್ತು, ಆಮೇಲೆ ನೂರು.

ಲಿಫ್ಟಣ್ಣ ಬೆಚ್ಚಿಬಿದ್ದ. ನಾಲ್ಕು ಏಟು ಮುಗಿದು ಮೂವರೂ ಒಟ್ಟಿಗೆ ಶುರುಮಾಡಿದರು. ಅವನ ಕೈ ಏಳಲಿಲ್ಲ. ತಾನೇ ಹಾಕಿಸಿದ ಮೌನದಿಂದ ಎದ್ದು ಬರಲು ಅವನಿಗೆ ಇನ್ನೂ ಆರು ಏಟು ಬೇಕಾಯಿತು. ಗುಡುಗ ಹಿಂದಕ್ಕೆ ತಿರುಗಿ ಕಣ್ಣು ಕೆಕ್ಕರಿಸಿದ. ಮೇಷ್ಟರು ಲಿಫ್ಟಣ್ಣ ಬಿಟ್ಟ ಜಾಗವನ್ನು ಕೂಡಲೇ ತಮ್ಮ ತಂತಿಯಿಂದ ತುಂಬಿದರು. ಖಾಲಿ ಜಾಗ ಕಂಡರೆ ಬಿಡುವವರಲ್ಲವಲ್ಲ.

'ಬಾಡಿಗೆಗಿದೆ' ಜನರಿಗೆ ಹಿಡಿಸಿತು. ಮುಗಿದ ಮೇಲೆ ಅದನ್ನೇ ಮತ್ತೆ ಹಾಡಿ ಎಂದರು. ಅದಾಗಿ ನಾಲ್ಕು ವರ್ಷವಾಯಿತು, ಇಂದಿಗೂ ಎಲ್ಲ ಊರಿನಲ್ಲೂ ಅದನ್ನು ಕೇಳುತ್ತಾರೆ. ದನಿಯೊಂದರಿಂದಲೇ ಶುರುಮಾಡಬೇಕಿತ್ತು ಎಂದು ಲಿಫ್ಟಣ್ಣ ಈಗಲೂ ಹೇಳುತ್ತಾನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಮೇಲೆ ಬ್ಯಾಂಡು ಹತ್ತು ಹಾಡು ಕಟ್ಟಿದೆ. ಎಲ್ಲ ಜಗಳದಲ್ಲೇ ಹುಟ್ಟಿದವು, ನಾಲ್ಕು ಚೆನ್ನಾಗಿವೆ. ಮೊದಲಿನಷ್ಟು ಬೇಗ ಮುಗಿಯುವುದಿಲ್ಲ. ಗುಡುಗನೂ ಮೇಷ್ಟರೂ ಎದುರೆದುರೇ ಬೈದುಕೊಳ್ಳುತ್ತಾರೆ, ಕೆಲವು ವಾರ ಮುಖ ತಿರುಗಿಸುತ್ತಾರೆ. ಲಿಫ್ಟಣ್ಣ ಹತ್ತು ಮಾತು ಹೇಳಿದರೆ ಎಂಟು ಬಿದ್ದುಹೋಗುತ್ತವೆ. ಮನೆಗೆ ಬಂದು ಬೂಟು ಬಿಚ್ಚುತ್ತ ಹೆಂಡತಿಗೆ ಒಂದೊಂದಾಗಿ ಒಪ್ಪಿಸುತ್ತಾನೆ. ಮೊನ್ನೆ ಅವಳು ಗಾಜೊಂದನ್ನು ಬೆಳಕಿಗೆ ಹಿಡಿದು ನೋಡುತ್ತ ಕೇಳಿದಳು:

"ಹಾಗಾದ್ರೆ ಹಳೇ ದಾರಿನೇ ಚೆನ್ನಾಗಿತ್ತಾ?"

"ಹಾಡಿಗೇನೋ ಚೆನ್ನಾಗಿತ್ತು," ಎಂದ ಲಿಫ್ಟಣ್ಣ. ಕೈಕಾಲು ತೊಳೆಯಲು ಎದ್ದ.